ಬಿಳಿಗೆರೆಗೆ ಬಂದ ಹಾಡು: ವಾಣಿಜ್ಯ ಬಾನುಲಿ ಮತ್ತು ಜನಪ್ರಿಯ ಗೀತ

ಜನಪ್ರಿಯ ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಾಡಿದವರನ್ನೂ ರಚಿಸಿದವರನ್ನೂ ಸ್ವರಸಂಯೋಜನೆ ಮಾಡಿದವರನ್ನೂ ಕುರಿತು ಬರೆಯುತ್ತಾರೆ. ಹಾಡು ಕೇಳುವವನ ಕಿವಿಗೆ ಯಾವ ದಾರಿಯಿಂದ ಬಂದಿತು, ಆ ದಾರಿಗೆ ಯಾರು ಹಣ ತೆತ್ತರು, ಯಾವ ಉದ್ದೇಶದಿಂದ ತೆತ್ತರು ಎಂಬ ಪ್ರಶ್ನೆಗಳು ಅಡಿಟಿಪ್ಪಣಿಗಳಲ್ಲಿ ಉಳಿದುಬಿಡುತ್ತವೆ. ಅಮೆರಿಕದ ಹಿಪ್-ಹಾಪ್ ಸಂಗೀತವನ್ನು ಕುರಿತ ಈಚಿನ ವ್ಯಾಸಂಗಗಳು ಈ ಪ್ರಶ್ನೆಗಳನ್ನು ಮುಂದಕ್ಕೆ ತಂದಿವೆ. ನ್ಯೂಯಾರ್ಕಿನ ಒಂದು ಬಡ ಬಡಾವಣೆಯ ಕೂಟಗಳಲ್ಲಿ ಹುಟ್ಟಿದ ಗಾನಪ್ರಕಾರವು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆ ದೇಶದ ಯುವಜನರೆಲ್ಲರ ಸಂಗೀತವಾದುದಕ್ಕೆ ಕಲಾವಿದರ ಪ್ರತಿಭೆಯಂತೆಯೇ ಜಾಹೀರಾತಿನಿಂದ ಬದುಕುವ ಬಾನುಲಿ ಕೇಂದ್ರಗಳ ಲೆಕ್ಕಾಚಾರವೂ ಕಾರಣವೆಂಬುದು ಅವುಗಳ ಸಾರ. ಇದೇ ಪ್ರಶ್ನೆಯನ್ನು ಕನ್ನಡನಾಡಿಗೆ ಹಾಕಿದರೆ ಯಾವ ಉತ್ತರ ದೊರೆಯುವುದೆಂಬುದನ್ನು ಪರಿಶೀಲಿಸಲು ನಾವು ಇಲ್ಲಿ ಉದ್ದೇಶಿಸಿದ್ದೇವೆ.

ಈ ಪರಿಶೀಲನೆಗೆ ನಾವು ನೆಲೆಯಾಗಿ ಆರಿಸಿಕೊಂಡಿರುವುದು ಬಿಳಿಗೆರೆಯನ್ನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೆ ಸೇರಿದ ಊರು ಅದು. ಪ್ರಸಾರ ಕೇಂದ್ರವಾಗಲಿ, ಧ್ವನಿಮುದ್ರಣ ಶಾಲೆಯಾಗಲಿ, ಚಲನಚಿತ್ರ ತಯಾರಿಕೆಯಾಗಲಿ ಅದರ ಚರಿತ್ರೆಯಲ್ಲಿ ಇಲ್ಲ. ಅಲ್ಲಿರುವವರು ಕೇಳುವವರು ಮಾತ್ರ. ಬಾನುಲಿಯ ಚರಿತ್ರೆಯನ್ನು ಕೇಂದ್ರದ ಕಡೆಯಿಂದ ನೋಡುವುದಕ್ಕಿಂತ ಇಂತಹ ಊರಿನ ಕಡೆಯಿಂದ ನೋಡಿದರೆ ಕೆಲವು ಸಂಗತಿಗಳು ಹೆಚ್ಚು ಸ್ಪಷ್ಟವಾಗುತ್ತವೆಂಬುದು ನಮ್ಮ ಅನುಭವ.

ಮೊದಲು ಅಮೆರಿಕದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವುದು ಅಗತ್ಯ. 1973ರ ಆಗಸ್ಟ್ 11ರಂದು ಬ್ರಾಂಕ್ಸ್ ವಿಭಾಗದ ಸೆಜ್‌ವಿಕ್ ಅವೆನ್ಯೂವಿನ ಒಂದು ವಸತಿ ಕಟ್ಟಡದಲ್ಲಿ ಕೂಲ್ ಹರ್ಕ್ ಎಂಬ ತರುಣನು ಧ್ವನಿಮುದ್ರಿಕೆಗಳನ್ನು ನುಡಿಸಿದ ಕೂಟವನ್ನು ಈ ಪ್ರಕಾರದ ಆರಂಭವೆಂದು ಎಣಿಸುವುದು ವಾಡಿಕೆ. ಆದರೆ ಲಯಕ್ಕೆ ತಕ್ಕಂತೆ ಪ್ರಾಸಬದ್ಧವಾಗಿ ಮಾತನಾಡುವ ಪದ್ಧತಿ ಅದಕ್ಕಿಂತ ಹಳೆಯದು. ಅದರ ಬೇರುಗಳಲ್ಲಿ ಒಂದು ಬಾನುಲಿಯಲ್ಲಿಯೇ ಇತ್ತು. 1950ರ ದಶಕದಲ್ಲಿ ಜಾಕೋ ಹೆಂಡರ್‌ಸನ್‌ನಂತಹ ಕರಿಯ ಉದ್ಘೋಷಕರು ಹಾಡುಗಳ ನಡುವೆ ಪ್ರಾಸವಿಟ್ಟು ಮಾತನಾಡಿ ಹೆಸರಾಗಿದ್ದರು. ಹೀಗೆ ಬಾನುಲಿಯಿಂದ ಒಂದಂಶವನ್ನು ಪಡೆದ ಕಲೆಗೆ ಬಾನುಲಿಯೇ ಬಹುಕಾಲ ಬಾಗಿಲು ತೆರೆಯಲಿಲ್ಲವೆಂಬುದು ವಿಚಿತ್ರ. 1979ರಲ್ಲಿ ಹೊರಬಂದ ಶುಗರ್‌ಹಿಲ್ ಗ್ಯಾಂಗ್ ಎಂಬ ತಂಡದ ಮುದ್ರಿಕೆ ಅಮೆರಿಕದ ಗೀತೆಗಳ ಪಟ್ಟಿಯಲ್ಲಿ 36ನೆಯ ಸ್ಥಾನಕ್ಕೆ ಏರಿದರೂ ಕರಿಯರ ಕೇಂದ್ರಗಳೆನಿಸಿದವು ಕೂಡ ಹಗಲು ಹೊತ್ತಿನಲ್ಲಿ ರ‍್ಯಾಪ್ ಹಾಕಲು ಹಿಂಜರಿದವು. ಜಾಹೀರಾತುದಾರರಿಗೆ ಬೇಕಾಗಿದ್ದವರು ಸಂಬಳ ತರುವ ವಯಸ್ಕರು. ಹುಡುಗರ ಗದ್ದಲಕ್ಕೆ ಅವರು ಓಡಿಹೋದಾರೆಂಬ ಭಯ. ನ್ಯೂಯಾರ್ಕಿನಲ್ಲಿ ಮಿಸ್ಟರ್ ಮ್ಯಾಜಿಕ್ ಎಂಬ ಉದ್ಘೋಷಕನು ಒಂದು ಸಣ್ಣ ಕೇಂದ್ರದಲ್ಲಿ ಪ್ರಸಾರದ ಕಾಲವನ್ನು ತಾನೇ ಹಣ ಕೊಟ್ಟು ಕೊಂಡು ರ‍್ಯಾಪ್ ಹಾಕಿದನು. ಆ ಮೇಲೆಯೇ ದೊಡ್ಡ ಕೇಂದ್ರವೊಂದು ಅವನನ್ನು ಕರೆದದ್ದು. ಲಾಸ್ ಏಂಜಲಿಸ್‌ನ ಕೆಡಿಎವೈ ಕೇಂದ್ರವು 1980ರ ದಶಕದ ಮಧ್ಯದಲ್ಲಿ ಈ ಸಂಗೀತವನ್ನೇ ಮುಖ್ಯವಾಗಿ ಮಾಡಿಕೊಂಡಿತು. ಬಳಿಕ ಪವರ್ 106ರಂತಹ ಕೇಂದ್ರಗಳು ಕರಿಯ, ಬಿಳಿಯ, ಲ್ಯಾಟಿನ್ ಮೂಲದ ಯುವಜನರನ್ನು ಒಂದೇ ಕೇಳುಗ ವರ್ಗವೆಂದು ಜಾಹೀರಾತುದಾರರಿಗೆ ತೋರಿಸಿಕೊಟ್ಟ ಮೇಲೆ ಮಾರ್ಗ ಸುಗಮವಾಯಿತು. ಅದಕ್ಕೆ ತೆತ್ತ ಬೆಲೆಯೂ ಉಂಟು: 1990ರಲ್ಲಿ ಅಮೆರಿಕದ ಮುಖ್ಯ ಪಟ್ಟಿಯ ಅಗ್ರಸ್ಥಾನಕ್ಕೇರಿದ ಮೊದಲ ರ‍್ಯಾಪ್ ಮುದ್ರಿಕೆ ವೆನಿಲಾ ಐಸ್ ಎಂಬ ಬಿಳಿಯ ಗಾಯಕನದಾಗಿತ್ತು.

ಈ ವೃತ್ತಾಂತದಿಂದ ನಾವು ಗ್ರಹಿಸಬೇಕಾದುದು ಒಂದೇ ಸಂಗತಿ. ವಾಣಿಜ್ಯ ಕೇಂದ್ರವು ಮಾರುವುದು ಕೇಳುಗರ ಕಿವಿಗಳನ್ನು, ಕೊಳ್ಳುವವನು ಜಾಹೀರಾತುದಾರ, ಹಾಡು ಗಿರಾಕಿಯನ್ನು ಕರೆತರುವ ಎರೆ. ಆದಕಾರಣ ಒಂದು ಗೀತಪ್ರಕಾರಕ್ಕೆ ಬಾಗಿಲು ತೆರೆಯುವುದೂ ಮುಚ್ಚುವುದೂ ಅದರ ಗುಣದೋಷಗಳನ್ನು ಅವಲಂಬಿಸುವುದಕ್ಕಿಂತ, ಅದನ್ನು ಕೇಳುವವರನ್ನು ಯಾರು ಎಣಿಕೆಗೆ ತೆಗೆದುಕೊಳ್ಳುತ್ತಾರೆಂಬುದನ್ನು ಅವಲಂಬಿಸುತ್ತದೆ.

ನಮ್ಮಲ್ಲಿ ಬಾನುಲಿಯ ಆರಂಭ ಇದಕ್ಕೆ ತೀರ ಭಿನ್ನವಾದುದು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಸಣ್ಣ ಪ್ರೇಷಕವೊಂದನ್ನು ಸ್ಥಾಪಿಸಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬಂದುದು. ಅಧ್ಯಾಪಕನೊಬ್ಬನ ಹವ್ಯಾಸವಾಗಿ ತೊಡಗಿದ ಈ ಸಂಸ್ಥೆ 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೈಸೇರಿ, 1950ರಲ್ಲಿ ಅಖಿಲ ಭಾರತ ಬಾನುಲಿಯಲ್ಲಿ ಲೀನವಾಯಿತು. ಧಾರವಾಡ ಕೇಂದ್ರ 1950ರ ಜನವರಿಯಲ್ಲಿಯೂ ಬೆಂಗಳೂರು ಕೇಂದ್ರ 1955ರ ನವೆಂಬರಿನಲ್ಲಿಯೂ ಆರಂಭವಾದುವು. ಇವುಗಳಲ್ಲಿ ಜಾಹೀರಾತಿಗೆ ಸ್ಥಾನವಿರಲಿಲ್ಲ. ಕೇಳುಗನು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಆ ಹಣಕ್ಕೆ ಬದಲಾಗಿ ಅವನಿಗೆ ಏನು ಕೇಳಿಸಬೇಕೆಂಬುದನ್ನು ಸರ್ಕಾರ ನಿರ್ಧರಿಸುತ್ತಿತ್ತು.

1952ರಿಂದ 1962ರವರೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾಗಿದ್ದ ಡಾ. ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದಲ್ಲಿ ಶ್ರದ್ಧೆಯುಳ್ಳವರು. ಚಲನಚಿತ್ರಗೀತೆಗಳ ಸಾಹಿತ್ಯ ಕೀಳು, ವಾದ್ಯಮೇಳ ಪಾಶ್ಚಾತ್ಯದ ಅನುಕರಣೆ ಎಂಬುದು ಅವರ ನಿಲವು. ಪ್ರಸಾರಕಾಲದಲ್ಲಿ ಚಿತ್ರಗೀತೆಯ ಪಾಲನ್ನು ನೂರಕ್ಕೆ ಹತ್ತಕ್ಕೆ ಮಿತಿಗೊಳಿಸಲಾಯಿತು. ಹಾಡಿನೊಂದಿಗೆ ಚಿತ್ರದ ಹೆಸರನ್ನು ಹೇಳುವುದು ಜಾಹೀರಾತಾಗುತ್ತದೆಂಬ ಕಾರಣದಿಂದ ಅದನ್ನೂ ನಿಲ್ಲಿಸಲಾಯಿತು. ಇದರಿಂದ ಕೆರಳಿದ ನಿರ್ಮಾಪಕರು ತಮ್ಮ ಗೀತೆಗಳನ್ನು ಪ್ರಸಾರ ಮಾಡಲು ಕೊಟ್ಟಿದ್ದ ಅನುಮತಿಯನ್ನೇ ಹಿಂತೆಗೆದುಕೊಂಡರು. ನೂರಕ್ಕೆ ಹತ್ತಿದ್ದುದು ಸೊನ್ನೆಗೆ ಸಮೀಪವಾಯಿತು. ಕೇಸ್ಕರರನ್ನು ಇಂದು ಹಾಸ್ಯಕ್ಕೆ ಗುರಿಮಾಡುವುದು ಸುಲಭ. ಆದರೆ ಅಂದಿನ ಕಾಲೇಜುಗಳ ಅಧ್ಯಾಪಕ ಕೊಠಡಿಗಳಲ್ಲಿ ಅವರ ಅಭಿಪ್ರಾಯವನ್ನು ವಿರೋಧಿಸುವವರು ಹೆಚ್ಚು ಮಂದಿ ದೊರೆಯುತ್ತಿರಲಿಲ್ಲವೆಂದೇ ನಾವು ಊಹಿಸುತ್ತೇವೆ.

ಹೀಗೆ ಮುಚ್ಚಿದ ಬಾಗಿಲಿಗೆ ಕಿಟಕಿಯೊಂದು ಕಡಲಿನಾಚೆ ತೆರೆದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಗ್ನೇಯ ಏಷ್ಯದ ಮಿತ್ರರಾಷ್ಟ್ರಗಳ ಸೇನೆಗೆಂದು ಕೊಲಂಬೋದಲ್ಲಿ ಪ್ರಬಲವಾದ ಹ್ರಸ್ವತರಂಗ ಪ್ರಸಾರ ವ್ಯವಸ್ಥೆಯನ್ನು ಏರ್ಪಡಿಸಲಾಗಿತ್ತು. ಯುದ್ಧಾನಂತರ ಅದು ಸಿಲೋನ್ ಸರ್ಕಾರದ ವಶವಾಯಿತು. 1950ರಲ್ಲಿ ಅಲ್ಲಿಂದ ವಾಣಿಜ್ಯ ಪ್ರಸಾರ ಆರಂಭವಾಯಿತು. ಸೈನಿಕರಿಗಾಗಿ ಕಟ್ಟಿದ ಯಂತ್ರ, ಸಾಬೂನು ಮತ್ತು ಹಲ್ಲುಪುಡಿಗಳ ವರ್ತಕರಿಗೆ ಒದಗಿತು. 1952ರ ಕೊನೆಯಲ್ಲಿ ಆರಂಭವಾದ ‘ಬಿನಾಕಾ ಗೀತಮಾಲಾ’ ಇದರ ಪ್ರಸಿದ್ಧ ಉದಾಹರಣೆ. ಹಲ್ಲುಜ್ಜುವ ಪೇಸ್ಟಿನ ಹೆಸರನ್ನು ಹೊತ್ತ ಈ ಕಾರ್ಯಕ್ರಮವನ್ನು ಅಮೀನ್ ಸಯಾನಿಯವರು ಮುಂಬಯಿಯಲ್ಲಿ ಸಿದ್ಧಪಡಿಸುತ್ತಿದ್ದರು. ಧ್ವನಿಮುದ್ರಿತವಾದ ಕಾರ್ಯಕ್ರಮ ವಿಮಾನದಲ್ಲಿ ಕೊಲಂಬೋಗೆ ಹೋಗಿ ಅಲ್ಲಿಂದ ಆಕಾಶಮಾರ್ಗವಾಗಿ ಭಾರತಕ್ಕೆ ಹಿಂದಿರುಗುತ್ತಿತ್ತು. ಹಾಡು ಭಾರತದ್ದು, ಸರಕು ಭಾರತದಲ್ಲಿ ಮಾರುವುದು, ಕೇಳುಗ ಭಾರತದವನು. ಪ್ರಸಾರದ ಬಾಡಿಗೆ ಮಾತ್ರ ಸಿಲೋನಿಗೆ. ಸರ್ಕಾರದ ನೀತಿಯೊಂದು ತನ್ನ ಉದ್ದೇಶಕ್ಕೆ ಇಷ್ಟು ಸಂಪೂರ್ಣವಾಗಿ ವಿರುದ್ಧವಾದ ಫಲವನ್ನು ಕೊಟ್ಟ ನಿದರ್ಶನ ಪ್ರಸಾರದ ಚರಿತ್ರೆಯಲ್ಲಿ ವಿರಳ.

ಕೊಲಂಬೋಗೂ ತಿಪಟೂರು ಸೀಮೆಗೂ ನೇರವಾಗಿ ಸುಮಾರು 800 ಕಿಲೋಮೀಟರುಗಳ ಅಂತರ. ಹ್ರಸ್ವತರಂಗಗಳು ಮೇಲಣ ವಾಯುಮಂಡಲದ ಅಯಾನು ಪದರಕ್ಕೆ ತಾಗಿ ಮರಳಿ ನೆಲಕ್ಕೆ ಬೀಳುವುದರಿಂದ ಈ ದೂರ ಅವುಗಳಿಗೆ ಅಡ್ಡಿಯಲ್ಲ. ಬಿಳಿಗೆರೆಯಂತಹ ಊರುಗಳಲ್ಲಿ ರೇಡಿಯೊ ಪೆಟ್ಟಿಗೆ ಮೊದಲು ಅನುಕೂಲಸ್ಥರ ಜಗಲಿಗೆ ಬಂದುದು. ಆ ಕಾಲದ ವಾಲ್ವ್ ಪೆಟ್ಟಿಗೆಗೆ ದೂರದ ಕೇಂದ್ರ ಸಿಗಬೇಕಾದರೆ ಎತ್ತರದಲ್ಲಿ ಏರಿಯಲ್ ತಂತಿ ಎಳೆಯಬೇಕು. ಬಯಲುಸೀಮೆಯ ಬೇರೆಡೆ ಇದಕ್ಕೆ ಗಳುವನ್ನು ನೆಡಬೇಕಾಗುತ್ತಿತ್ತು. ಇಲ್ಲಿ ಹಿತ್ತಲಿನ ಎರಡು ತೆಂಗಿನ ಮರಗಳೇ ಆ ಕೆಲಸಕ್ಕೆ ಸಾಕಾಗುತ್ತಿದ್ದುವು. ಮೈಸೂರು, ಬೆಂಗಳೂರುಗಳ ವಾರ್ತೆ ಮುಗಿದೊಡನೆ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸುವುದು ಆ ತಲೆಮಾರಿನವರ ಸಾಮಾನ್ಯ ನೆನಪು. ಅಲೆಯಂತೆ ಏರಿ ಇಳಿಯುವ ದನಿ, ನಡುನಡುವೆ ಕರಕರ ಶಬ್ದ, ಇವೆರಡೂ ಹಾಡಿನ ಅಂಗವೇ ಆಗಿಹೋಗಿದ್ದುವು. 1960ರ ದಶಕದಲ್ಲಿ ಟ್ರಾನ್ಸಿಸ್ಟರು ಬಂದ ಮೇಲೆ ರೇಡಿಯೊ ಜಗಲಿಯಿಂದ ತೋಟಕ್ಕೆ ಇಳಿಯಿತು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಉಂಡೆಕೊಬ್ಬರಿಯಾದ ಕಾಯಿಯನ್ನು ಕೆಳಗಿಳಿಸಿ ಸಿಪ್ಪೆ ಸುಲಿದು ಚಿಪ್ಪು ಒಡೆಯುವುದು ಗುಂಪುಕೂಡಿ ಕುಳಿತು ಮಾಡುವ ಕೆಲಸ. ಕೈ ಸದಾ ದುಡಿಯುತ್ತದೆ, ಕಿವಿ ಬಿಡುವಾಗಿರುತ್ತದೆ. ರೇಡಿಯೊಗೆ ಇದಕ್ಕಿಂತ ಒಪ್ಪುವ ಕೇಳುಗರನ್ನು ಊಹಿಸುವುದು ಕಷ್ಟ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೊಲಂಬೋ ಕೇಂದ್ರದ ಪ್ರಸಾರದಲ್ಲಿ ದೊಡ್ಡ ಪಾಲು ಹಿಂದಿಯದು. ಅದರ ಜೊತೆಗೆ ತಮಿಳಿಗೆ ಗಣ್ಯವಾದ ಸ್ಥಾನ. ಕನ್ನಡ ಗೀತೆಗಳಿಗೆ ದೊರೆಯುತ್ತಿದ್ದುದು ಸಣ್ಣ ಅವಧಿ. ಇದು ಯಾರ ದ್ವೇಷದ ಫಲವೂ ಅಲ್ಲ. 1950ರ ದಶಕದ ಆರಂಭದಲ್ಲಿ ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು ತಯಾರಾಗುತ್ತಿದ್ದುವು, ಅವೂ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ. ಕನ್ನಡ ಕೇಳುಗರನ್ನು ಪ್ರತ್ಯೇಕ ಮಾರುಕಟ್ಟೆಯೆಂದು ಎಣಿಸುವ ವರ್ತಕ ಇನ್ನೂ ಹುಟ್ಟಿರಲಿಲ್ಲ. ಆದುದರಿಂದ ಬಿಳಿಗೆರೆಯ ಕೇಳುಗನಿಗೆ ವಾಣಿಜ್ಯ ಬಾನುಲಿ ಕೊಟ್ಟದ್ದು, ಅರ್ಥ ಪೂರ್ತಿಯಾಗಿ ತಿಳಿಯದ ಹಿಂದಿ ಮತ್ತು ತಮಿಳು ಹಾಡುಗಳನ್ನು ಬಾಯಿಪಾಠವಾಗುವಷ್ಟು ಸಲ. ಅವನ ಕಿವಿಗೆ ಹಾಡು ತಲಪಿತ್ತು. ಅವನ ಭಾಷೆ ಲೆಕ್ಕಕ್ಕೆ ಬಂದಿರಲಿಲ್ಲ.

ಕನ್ನಡವು ಆಗ ಬೆಳೆದುದು ಬೇರೊಂದು ದಾರಿಯಿಂದ. ಅದು ಕೇಸ್ಕರರ ನೀತಿಯ ಅನಿರೀಕ್ಷಿತ ವರವೆಂದು ನಮ್ಮ ಅಭಿಪ್ರಾಯ. ಚಿತ್ರಗೀತೆಗೆ ಪ್ರತಿಯಾಗಿ ಆಕಾಶವಾಣಿಯ ಕೇಂದ್ರಗಳಲ್ಲಿ ಲಘುಸಂಗೀತವನ್ನು ತಯಾರಿಸುವ ವ್ಯವಸ್ಥೆಯನ್ನು ಮಾಡಲಾಯಿತು. ಸುಗಮ ಸಂಗೀತವೆಂಬ ಹೆಸರು ಬಳಕೆಗೆ ಬಂದುದು ಈ ಸಂದರ್ಭದಲ್ಲಿ. ಹಿಂದಿಯಲ್ಲಿ ಈ ಪ್ರಯೋಗ ಚಿತ್ರಗೀತೆಯ ಮುಂದೆ ನಿಲ್ಲಲಾರದೆ ಹೋಯಿತು. ಕನ್ನಡದಲ್ಲಿ ಪರಿಸ್ಥಿತಿ ಬೇರೆ. ನವೋದಯದ ಕವಿಗಳ ಭಾವಗೀತೆಗಳ ದೊಡ್ಡ ಭಂಡಾರ ಸಿದ್ಧವಾಗಿತ್ತು, ಪಿ. ಕಾಳಿಂಗರಾಯರು ಅವುಗಳಿಗೆ ಆಗಲೇ ಕಂಠ ಕೊಟ್ಟಿದ್ದರು. ಮುಂದೆ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮೊದಲಾದವರು ಬಂದರು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಾಗ ಅದಕ್ಕೆ ದೊರೆತ ಸ್ವಾಗತಕ್ಕೆ ಆಕಾಶವಾಣಿಯ ಎರಡು ದಶಕಗಳ ಪ್ರಸಾರ ನೆಲವನ್ನು ಹದಮಾಡಿತ್ತು. ಹಾಡನ್ನು ಜನಪ್ರಿಯಗೊಳಿಸುವ ಶಕ್ತಿ ವಾಣಿಜ್ಯ ಬಾನುಲಿಗೆ ಮಾತ್ರ ಉಂಟೆಂದು ವಾದಿಸುವವರು ಈ ನಿದರ್ಶನಕ್ಕೆ ಉತ್ತರ ಹೇಳಬೇಕಾಗುತ್ತದೆ.

ಸಿಲೋನಿನ ಪೈಪೋಟಿಯನ್ನು ತಾಳಲಾರದೆ ಸರ್ಕಾರವು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತು. ಹೊರಗೆ ಹಾಕಿದ್ದ ಚಿತ್ರಗೀತೆಯನ್ನು ಬೇರೊಂದು ಹೆಸರಿನಲ್ಲಿ ಒಳಗೆ ಕರೆದುಕೊಂಡಂತಾಯಿತು. ಕೇಸ್ಕರರು ಇನ್ನೂ ಮಂತ್ರಿಗಳಾಗಿದ್ದಾಗಲೇ ಇದು ನಡೆಯಿತೆಂಬುದನ್ನು ಮರೆಯಲಾಗದು. ಹತ್ತು ವರ್ಷಗಳ ಬಳಿಕ, 1967ರ ನವೆಂಬರ್ 1ರಂದು, ಮುಂಬಯಿ, ಪುಣೆ, ನಾಗಪುರಗಳ ಪ್ರಸಾರದಲ್ಲಿ ಜಾಹೀರಾತು ಕೇಳಿಬಂದಿತು. ಮುಂದಿನ ವರ್ಷಗಳಲ್ಲಿ ಈ ವ್ಯವಸ್ಥೆ ಬೆಂಗಳೂರಿಗೂ ವಿಸ್ತರಿಸಿತು. ಜಾಹೀರಾತಿಗೆ ಸ್ಥಳೀಯ ಕೇಳುಗ ಬೇಕು. ಸ್ಥಳೀಯ ಕೇಳುಗನಿಗೆ ಅವನ ಭಾಷೆ ಬೇಕು. ಅಷ್ಟರಲ್ಲಿ ಕನ್ನಡ ಚಿತ್ರೋದ್ಯಮವೂ ಬೆಳೆದು, ರಾಜ್‌ಕುಮಾರ್ ಅವರ ಚಿತ್ರಗಳ ಹಾಡುಗಳಿಗೆ ನಾಡಿನುದ್ದಕ್ಕೂ ಬೇಡಿಕೆಯುಂಟಾಗಿತ್ತು. ಕೋರಿಕೆಯ ಗೀತೆಗಳ ಕಾರ್ಯಕ್ರಮಗಳು ಈ ಕಾಲದ ವಿಶೇಷ. ಒಂದು ಅಂಚೆ ಕಾರ್ಡಿನಲ್ಲಿ ಹಾಡಿನ ಹೆಸರು, ಕೆಳಗೆ ಮನೆಮಂದಿಯ, ಗೆಳೆಯರ ಹೆಸರುಗಳು. ಹಾಡಿಗಿಂತ ಮುಂಚೆ ಓದಿಹೇಳುವ ಹೆಸರುಗಳಿಗಾಗಿಯೇ ಕಾದು ಕುಳಿತಿರುವವರು ಪ್ರತಿ ಊರಿನಲ್ಲಿಯೂ ಇದ್ದರು. ಉತ್ತರದಲ್ಲಿ ಝುಮ್ರಿ ತಿಲೈಯಾ ಎಂಬ ಪುಟ್ಟ ಊರು ಕೇವಲ ಇಂತಹ ಕಾರ್ಡುಗಳಿಂದ ದೇಶಪ್ರಸಿದ್ಧವಾಯಿತು. ತಮ್ಮ ಊರಿನ ಹೆಸರು ಬೆಂಗಳೂರಿನಿಂದ ನುಡಿದು ಬರುವುದನ್ನು ಕೇಳುವ ಸುಖ ಎಂತಹುದೆಂಬುದು ಹದಿನೈದು ಪೈಸೆಯ ಕಾರ್ಡು ಬರೆದು ಹಾಕಿದವರಿಗೇ ಗೊತ್ತು. ಹಳ್ಳಿಯ ಕೇಳುಗನು ಎಣಿಕೆಗೆ ಬಂದ ಕಾಲವೊಂದಿದ್ದರೆ ಅದು ಇದೇ.

1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತು. ತರುವಾಯ ಖಾಸಗಿ ಎಫ್.ಎಂ. ಪರವಾನಗಿಗಳನ್ನು ಹರಾಜು ಹಾಕಲಾಯಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಆರಂಭವಾದ ರೇಡಿಯೊ ಸಿಟಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವೆನಿಸಿತು. ಅದರ ಮೊದಲ ವರ್ಷಗಳಲ್ಲಿ ಹಿಂದಿ ಮತ್ತು ಇಂಗ್ಲಿಷ್ ಹಾಡುಗಳೇ ಮೇಲುಗೈಯಾಗಿ ಕನ್ನಡಕ್ಕೆ ಸಣ್ಣ ಪಾಲು ಉಳಿಯಿತು. ಕನ್ನಡದ ರಾಜಧಾನಿಯಲ್ಲಿಯೇ ಹೀಗಾದುದಕ್ಕೆ ಅಸಮಾಧಾನ ಹುಟ್ಟಿದ್ದು ಸಹಜ. ಆದರೆ ಕೇಂದ್ರಗಳ ತರ್ಕ ಲಾಸ್ ಏಂಜಲಿಸ್‌ನಲ್ಲಿದ್ದುದಕ್ಕಿಂತ ಬೇರೆಯಲ್ಲ: ಹಣವುಳ್ಳ ಕೇಳುಗ ಯಾವ ಭಾಷೆಯವನೆಂದು ಜಾಹೀರಾತುದಾರ ಊಹಿಸಿದ್ದನೋ ಆ ಭಾಷೆ. 2006ರಲ್ಲಿ ಎರಡನೆಯ ಹಂತದ ಪರವಾನಗಿಗಳ ಫಲವಾಗಿ ಕೇಂದ್ರಗಳ ಸಂಖ್ಯೆ ಹೆಚ್ಚಿ ಪೈಪೋಟಿ ಏರಿದಾಗ ಈ ಊಹೆ ಕುಸಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ಮುಂಗಾರು ಮಳೆ’ ಚಿತ್ರದ ಹಾಡುಗಳು, ಮನೋಮೂರ್ತಿಯವರ ಸಂಗೀತ, ಜಯಂತ ಕಾಯ್ಕಿಣಿ ಮೊದಲಾದವರ ಸಾಹಿತ್ಯ, ನಗರದ ತರುಣರು ಕನ್ನಡ ಹಾಡನ್ನು ಹಗಲಿರುಳು ಕೇಳಬಲ್ಲರೆಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿದುವು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಹಲವು ಕೇಂದ್ರಗಳು ಕನ್ನಡವನ್ನೇ ತಮ್ಮ ಮುಖ್ಯ ಭಾಷೆಯಾಗಿ ಮಾಡಿಕೊಂಡುವು.

ಹಾಡಿಗಿಂತ ಹೆಚ್ಚಿನ ಬದಲಾವಣೆ ಆದುದು ಮಾತಿನಲ್ಲಿ. ಆಕಾಶವಾಣಿಯ ಉದ್ಘೋಷಕರದು ತಿದ್ದಿ ತೀಡಿದ ಗ್ರಂಥಸ್ಥ ಕನ್ನಡ. ಎಫ್.ಎಂ. ಕೇಂದ್ರಗಳ ನಿರೂಪಕರು ‘ಮಗಾ’, ‘ಸಕ್ಕತ್’ ಎನ್ನುವ ಬೆಂಗಳೂರಿನ ಬೀದಿಯ ನುಡಿಯನ್ನು, ಅದೂ ಉಸಿರು ಬಿಡದ ವೇಗದಲ್ಲಿ, ಬಾನುಲಿಗೆ ತಂದರು. ಇದು ಭಾಷೆಯ ಅಧೋಗತಿಯೆಂದು ಹಲವರು ಮರುಗಿದ್ದಾರೆ; ನಮಗೂ ಒಮ್ಮೊಮ್ಮೆ ಕಿವಿ ನೊಂದಿರುವುದುಂಟು. ಆದರೆ ಜಾಕೋ ಹೆಂಡರ್‌ಸನ್‌ನ ಮಾತುಗಾರಿಕೆ ರ‍್ಯಾಪಿಗೆ ದಾರಿಮಾಡಿದಂತೆ, ಈ ವೇಗದ ಆಡುಗನ್ನಡವು ಕನ್ನಡ ರ‍್ಯಾಪನ್ನು ಕೇಳಲು ಕಿವಿಗಳನ್ನು ಸಜ್ಜುಗೊಳಿಸಿತೆಂದು ಹೇಳಲು ಅವಕಾಶವಿದೆ.

ಸಜ್ಜುಗೊಳಿಸಿತೇ ಹೊರತು ಹಾಡನ್ನು ತಂದುಕೊಡಲಿಲ್ಲ. ನಮ್ಮ ಖಾಸಗಿ ಕೇಂದ್ರಗಳು ಚಿತ್ರಗೀತೆಯ ಆಸರೆಯನ್ನು ಬಿಟ್ಟು ಬದುಕುವುದನ್ನು ಕಲಿಯಲಿಲ್ಲ. ಬೆಂಗಳೂರಿನ ಬ್ರೋಧಾ ವಿ ಅವರ ‘ಆತ್ಮ ರಾಮ’ 2012ರಲ್ಲಿ ಜನರನ್ನು ಮುಟ್ಟಿದುದು ಯೂಟ್ಯೂಬಿನ ಮೂಲಕ. ಅದರ ನುಡಿಯೂ ಹೆಚ್ಚಾಗಿ ಇಂಗ್ಲಿಷು. ಚಂದನ್ ಶೆಟ್ಟಿಯವರ ಕನ್ನಡ ರ‍್ಯಾಪ್ ಹಾಡುಗಳು ಹಬ್ಬಿದುದು ಮೊಬೈಲ್ ಫೋನಿನಿಂದ. 2018ರ ಜನವರಿಯಲ್ಲಿ ಅವರು ದೂರದರ್ಶಕದ ‘ಬಿಗ್ ಬಾಸ್’ ಸ್ಪರ್ಧೆಯಲ್ಲಿ ಗೆದ್ದಾಗ ಹಳ್ಳಿಹಳ್ಳಿಗಳಲ್ಲಿ ಅವರ ಹೆಸರು ತಿಳಿದಿತ್ತು. ಎಫ್.ಎಂ. ಕೇಂದ್ರಗಳು ಈ ಹಾಡುಗಳನ್ನು ಹಾಕಿದುದು ಅವು ಜನಪ್ರಿಯವಾದ ಮೇಲೆ. ಅಮೆರಿಕದಲ್ಲಿ ಮಿಸ್ಟರ್ ಮ್ಯಾಜಿಕ್‌ನಂತಹ ಒಬ್ಬನು ಹಣ ತೆತ್ತು ಕಾಲವನ್ನು ಕೊಂಡು ಹೊಸ ಹಾಡನ್ನು ಮುಂದಿಡಲು ಸಾಧ್ಯವಾಗಿತ್ತು; ಹರಾಜಿನಲ್ಲಿ ಕೋಟಿಗಟ್ಟಲೆ ರೂಪಾಯಿ ತೆತ್ತು ಪಡೆದ ಪರವಾನಗಿಯಲ್ಲಿ ಅಂತಹ ಸಾಹಸಕ್ಕೆ ಎಡೆ ಕಡಿಮೆ. ಕೇಂದ್ರದ ಧೈರ್ಯಕ್ಕೂ ಪರವಾನಗಿಯ ಬೆಲೆಗೂ ಇರುವ ಈ ಸಂಬಂಧ ಇನ್ನೂ ವಿವರವಾದ ಸಂಶೋಧನೆಗೆ ತಕ್ಕ ವಿಷಯ.

ಇಷ್ಟನ್ನು ಹೇಳಿ ಮತ್ತೆ ಬಿಳಿಗೆರೆಗೆ ಬಂದರೆ ಚರಿತ್ರೆಯ ಒಂದು ವಕ್ರತೆ ಕಣ್ಣಿಗೆ ಬೀಳುತ್ತದೆ. ಎಫ್.ಎಂ. ತರಂಗವು ಹ್ರಸ್ವತರಂಗದಂತೆ ಆಕಾಶಕ್ಕೆ ಏರಿ ಮರಳುವುದಿಲ್ಲ. ಅದು ಹೆಚ್ಚುಕಡಿಮೆ ದೃಷ್ಟಿ ಹರಿಯುವಷ್ಟು ದೂರ ಮಾತ್ರ ಹೋಗುತ್ತದೆ. ಖಾಸಗಿ ಪರವಾನಗಿಗಳಾದರೋ ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿ ಎಂದು ನಗರಗಳ ಹೆಸರಿನಲ್ಲಿ ಕೊಟ್ಟವು. ತೆಂಗಿನ ಸೀಮೆಯಿಂದ ಬೆಂಗಳೂರಿಗೆ ನೇರ ಅಂತರ ಸುಮಾರು 125 ಕಿಲೋಮೀಟರು. ಕೊಲಂಬೋಗೆ ಇರುವುದರ ಆರನೆಯ ಒಂದು ಪಾಲೂ ಆಗುವುದಿಲ್ಲ. ಆದರೂ 1955ರಲ್ಲಿ ಕಡಲಿನಾಚೆಯ ಹಾಡು ತಲಪಿದ ಜಗಲಿಗೆ, ಐವತ್ತು ವರ್ಷಗಳ ಮೇಲೆ ತನ್ನದೇ ರಾಜಧಾನಿಯ ವಾಣಿಜ್ಯ ಕೇಂದ್ರಗಳ ಕನ್ನಡ ಹಾಡು ತಲಪಲಿಲ್ಲ. ಅಲ್ಲಿ ಉಳಿದುದು ಆಕಾಶವಾಣಿ. ಅದರ ಜೊತೆಗೆ ಈಗ ಕೊಬ್ಬರಿ ಸುಲಿಯುವವರ ನಡುವೆ ಚೀಲದ ಮೇಲೆ ಒರಗಿಸಿಟ್ಟ ಮೊಬೈಲ್ ಫೋನು. ಖಾಸಗಿ ಕೇಂದ್ರಗಳ ದನಿಯನ್ನು ಬಾನುಲಿಯಲ್ಲಿಯೇ ಕೇಳುವವರು ಈ ಸೀಮೆಯಲ್ಲಿ ಯಾರಾದರೂ ಇದ್ದರೆ ಅವರು ಲಾರಿ ಚಾಲಕರು. ತಿಪಟೂರಿನ ಮಂಡಿಯಿಂದ ಕೊಬ್ಬರಿ ಹೇರಿಕೊಂಡು ಹೊರಟ ಲಾರಿ ಗುಬ್ಬಿ, ತುಮಕೂರುಗಳನ್ನು ದಾಟಿ ದಾಬಸ್‌ಪೇಟೆಯನ್ನು ಸಮೀಪಿಸುವ ಹೊತ್ತಿಗೆ ಕರಕರ ಶಬ್ದ ಕಡಿಮೆಯಾಗಿ ಬೆಂಗಳೂರಿನ ಹಾಡು ಸ್ಪಷ್ಟವಾಗುತ್ತದೆ. ಸರಕು ಇಳಿಸಿ ಹಿಂದಿರುಗುವಾಗ ಅದೇ ಆಸುಪಾಸಿನಲ್ಲಿ ಅದು ಮತ್ತೆ ಅಳಿಸಿಹೋಗುತ್ತದೆ.